ಗೋಣಿಯ ಲೆಕ್ಕ

"ಏನೇ ಬೊಗಳ್ತಿದೀಯ? ಕನ್ನಡದಲ್ಲಿ ಬೊಗಳೇ, ಮುಂಡೇದೇ!"

ಡಸ್ಟರ್ ಮುನಿಲಕ್ಷ್ಮಿಯ ಹಣೆಗೆ ಬಡಿಯಿತು. ಬೋರ್ಡಿನ ಮೇಲೆ ಅವಳು ಬರೆದ ಉತ್ತರ ಸರಿಯಾಗಿಯೇ ಇತ್ತು. ಅದು ಅಮರನಾಥ್ ಮೇಷ್ಟ್ರಿಗೂ ಗೊತ್ತಿತ್ತು. ನಮ್ಮ ಶಾಲೆಯಲ್ಲಿ ಗಣಿತಕ್ಕೂ ಅವರೇ, ಇನ್‌ಚಾರ್ಜ್ ಹೆಡ್‌ಮಾಸ್ಟರೂ ಅವರೇ.

ಸಿಲಿಂಡರಿನ ವಕ್ರ ಮೇಲ್ಮೈ ವಿಸ್ತೀರ್ಣ ಅನ್ನುವುದನ್ನು ಮೂರು ದಿನ ಬಾಯಿಪಾಠ ಮಾಡಿಸಿದ್ದರು. ಹತ್ತನೇ ಕ್ಲಾಸಿನ ನಮಗೆ ಒಬ್ಬರಿಗೂ ತಲೆಗೆ ಹತ್ತಿರಲಿಲ್ಲ. ಕೇರಿಯಿಂದ ಬರುವ ನಾವು ಮನೆಯಲ್ಲಿ ಆಡುವುದು ತೆಲುಗು. ಮುನಿಲಕ್ಷ್ಮಿ ಬೆಳಿಗ್ಗೆ ಹುಳುಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಶಾಲೆಗೆ ಬರುವವಳು. ಬೇಸಿಗೆಯಲ್ಲಿ ಅಲ್ಲಿಯ ನೀರಿನ ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಬೇಕು. ಎಷ್ಟು ಗೋಣಿ ಬೇಕೆಂದು ಡ್ರಮ್ಮಿನ ಅಡ್ಡಗಲ ನೋಡಿಯೇ ಹೇಳುತ್ತಾಳೆ. ಅವತ್ತು ಬೋರ್ಡಿನ ಮುಂದೆ ನಿಂತು ತೆಲುಗಿನಲ್ಲಿ ಹೇಳಿದಳು: ಸುತ್ತಿದ ಗೋಣಿ ಬಿಚ್ಚಿ ನೆಲಕ್ಕೆ ಹಾಸಿ. ಡ್ರಮ್ಮಿನ ಸುತ್ತಳತೆಯೇ ಗೋಣಿಯ ಉದ್ದ, ಡ್ರಮ್ಮಿನ ಎತ್ತರವೇ ಗೋಣಿಯ ಅಗಲ, ಎರಡನ್ನೂ ಗುಣಿಸಿ, ಆಯಿತು.

"ಓಹೋ, ಇಂತೇನಾ!" ಇಷ್ಟೇನಾ ಎಂದು ಹಿಂದಿನ ಬೆಂಚಿನ ಆಂಜಿ ಕೂಗಿಬಿಟ್ಟ. ಕ್ಲಾಸೆಲ್ಲ ನಕ್ಕಿತು. ಅರ್ಥವಾದ ಖುಷಿಗೆ ಬಂದ ನಗು. ಮೇಷ್ಟ್ರಿಗೆ ಉರಿದದ್ದು ಅದಕ್ಕೇ.

"ಈ ಸಲ ನೂರಕ್ಕೆ ನೂರು ರಿಸಲ್ಟ್ ಬರ್ಬೇಕು. ನಿನ್ನಂಥ ದರಿದ್ರಗಳನ್ನ ಪರೀಕ್ಷೆಗೆ ಕೂರಿಸಿ ನಾನ್ ತಲೆ ತಗ್ಗಿಸ್ಬೇಕಾ? ಏಯ್ ದಿವ್ಯಾ, ಹೋಗಿ ಇವಳಮ್ಮನ್ನ ಕರ್ಕೊಂಬಾ."

ದಿವ್ಯ ನಾನೇ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅವಳಮ್ಮ ಶಾಮಲತ್ತೆಯನ್ನು ಕರೆತಂದೆ. ಆಫೀಸಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೋದಳು.

"ಅಲ್ಲೇ ನಿಂತ್ಕೋ. ಪರೀಕ್ಷೆ ಫಾರಂ ಇದು, ಹೆಬ್ಬೆಟ್ಟು ಒತ್ತು."

ಕಾಗದ, ಇಂಕಿನ ಪ್ಯಾಡು ಎರಡನ್ನೂ ಮೇಜಿನ ಮೇಲಿಂದ ನನ್ನ ಕಡೆ ತಳ್ಳಿದರು. ಹಿಡಿದುಕೊಂಡು ಓದಿದೆ. 'ನಾವು ಊರು ಬಿಟ್ಟು ಹೋಗುತ್ತಿರುವುದರಿಂದ ನನ್ನ ಮಗಳಿಗೆ ಟಿ.ಸಿ. ಕೊಡಬೇಕಾಗಿ ಪ್ರಾರ್ಥನೆ.' ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನನ್ನ ಪರೀಕ್ಷೆ ಫಾರಮ್ಮೂ ಅವರ ಮೇಜಿನ ಮೇಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಮಗಳು ಪರೀಕ್ಷೆ ಬರೆಯುತ್ತಾಳೆಂದು ಅತ್ತೆ ನಗುನಗುತ್ತಾ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಬಾಯಿ ಬಂತು ನನಗೆ, ಥೂ ನನ್ನ ಜನ್ಮಕ್ಕೆ. ಎಲ್ಲವನ್ನೂ ತೆಲುಗಿನಲ್ಲಿ ಹೇಳಿದೆ.

ಅತ್ತೆ ಹೊಸ್ತಿಲಲ್ಲೇ ಕುಸಿದಳು. "ಸಾಮೀ, ನಿಮ್ ಕಾಲ್ ಹಿಡ್ಕೋತೀನಿ. ತೆಲುಗಲ್ಲಿ ಒಂದ್ಸಲ ಹೇಳ್ಕೊಡಿ, ಕಲ್ತ್ಕೊಂತದೆ. ನಿಮ್ ಮನೇಲೂ ತೆಲುಗೇ ಅಲ್ವಾ ಸಾಮೀ? ನಿಮ್ಮಮ್ಮ ಭಾರತಮ್ಮೋರು ನನ್ ಜೊತೆ ತೆಲುಗಲ್ಲೇ..."

"ನಮ್ಮಮ್ಮನ ಹೆಸರು ಎತ್ತೀಯೇನೇ ಲೌಡಿ? ನಮ್ ಹಿತ್ಲಲ್ಲಿ ಸೆಗಣಿ ಬಾಚೋಳು ನೀನು, ನಮ್ಮನೆ ಸಮಕ್ಕೆ ಬರ್ತೀಯಾ?"

ಕಾಗದ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಓಡಿಹೋಗಿ ಕ್ಲಾಸಿನಲ್ಲಿದ್ದ ಮುನಿಲಕ್ಷ್ಮಿಯ ಪಕ್ಕ ಕೂತು ಹೇಳಿದೆ. ಅವಳು ಅಳಲಿಲ್ಲ. ಗಣಿತದ ಪುಸ್ತಕ ತೆಗೆದು ಮುಂದಿಟ್ಟುಕೊಂಡಳು. ಬೆನ್ನಿಗೇ ಮೇಷ್ಟ್ರು ಬಂದರು.

"ಎದ್ದು ನಡಿಯೇ. ನಿನ್ ಹೆಸರು ತೆಗೆದಾಯ್ತು."

ಅವಳು ಏಳಲಿಲ್ಲ. ಜಡೆಗೆ ಕೈ ಹಾಕಿದರು. ಅವಳು ಬೆಂಚನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. ಎಳೆದರು. ತಲೆ ಹಿಂದಕ್ಕೆ ಬಾಗಿತು, ಹಣೆಯ ಗಾಯ ಒಡೆದು ರಕ್ತ ಕಣ್ಣಿಗಿಳಿಯಿತು. ಬೆಂಚು ಕರ್ರನೆ ನೆಲ ಗೀರುತ್ತಾ ಬಾಗಿಲ ಕಡೆ ಸರಿಯಿತು. ಅದರ ಮೇಲೆ ನಾನಿದ್ದೆ, ವಾಣಿಶ್ರೀ ಇದ್ದಳು.

"ಏಳ್ರೇ ನೀವಿಬ್ರೂ!"

ವಾಣಿಶ್ರೀ ನನ್ನ ಮುಖ ನೋಡಿದಳು. ನಾನು ಕಾಲನ್ನು ನೆಲಕ್ಕೆ ಊರಿದೆ, ಅವಳೂ ಊರಿದಳು. ಹಿಂದಿನಿಂದ ಆಂಜಿ ಎದ್ದು ಬಂದು ನಮ್ಮ ಬೆಂಚಿನ ತುದಿಗೆ ಕೂತ.

"ಲೇಚೇದಿ ಲೇದು ಸಾರ್," ಅಂದೆ. ಏಳೋದಿಲ್ಲ ಅಂತ.

ಮೇಷ್ಟ್ರ ಅಮ್ಮ ಆಡುವ ಭಾಷೆಯೇ ಅದು, ಅವರಿಗೆ ಚೆನ್ನಾಗಿಯೇ ಅರ್ಥವಾಯಿತು. ಆದರೂ ಜಡೆ ಬಿಡಲಿಲ್ಲ. ಬಾಗಿಲು ಇನ್ನೂ ಎರಡು ಮಾರು ದೂರವಿತ್ತು.