ಕಂಡಕ್ಟರಮ್ಮನ ಸೀಟಿ

ನಾನು ಶಾಸಕಿಯಾದ ಮೇಲೆ ನನ್ನದೊಂದು ಪರಿಚಯಪತ್ರ ಅಚ್ಚಾಗಬೇಕಿತ್ತು. ತಮ್ಮ ಅದರಲ್ಲಿ ‘ಸಮಾಜ ಸೇವಕಿ’ ಎಂದು ಬರೆದು ತಂದ.

“ಅರ್ಧ ಆಯಸ್ಸು ಬಸ್ಸಲ್ಲಿ ಟಿಕೆಟ್ ಹರಿದವಳು ಕಣೋ ನಾನು. ಕಂಡಕ್ಟರ್ ಅಂತಲೇ ಹಾಕು.”

“ಚುನಾವಣೆಗೆ ದುಡ್ಡು ಕೊಟ್ಟವರಿಗೆ ಇಷ್ಟ ಆಗಲ್ಲ, ಅಕ್ಕಾ,” ಎಂದು ತಲೆ ಕೆರೆದುಕೊಂಡ.

ದುಡ್ಡು ಕೊಟ್ಟವರು ಎದುರಿಗೇ ಕುಳಿತಿದ್ದರು, ಕಲ್ಲು ಕ್ವಾರಿಯ ಮಾಲೀಕರು. ಶಾಲೆಯ ಮುಂದಿನ ಓಣಿಯಲ್ಲಿ ಅವರ ಲಾರಿಗಳನ್ನು ಬಿಡಬೇಕಂತೆ. ಆಗಲ್ಲ ಎಂದೆ. ಅಲ್ಲಿಯವರೆಗೆ ‘ಮೇಡಂ’ ಎನ್ನುತ್ತಿದ್ದವರು ಏಕವಚನಕ್ಕೆ ಇಳಿದರು.

“ನಾನು ದುಡ್ಡು ಸುರೀದಿದ್ರೆ ನೀನಿನ್ನೂ ಬಸ್ಸಲ್ಲಿ ಸೀಟಿ ಊದ್ಕೊಂಡಿರ್ತಿದ್ದೆ. ಉಂಡ ಮನೆಗೆ ಎರಡು ಬಗೀಬೇಡ.”

ನನಗೆ ಮೈಯೆಲ್ಲ ಉರಿದುಹೋಯಿತು. “ಉಂಡಿದ್ದು ಯಾರು? ನಿಮ್ಮ ದುಡ್ಡು ಬ್ಯಾನರಿಗೆ ಹೋಯ್ತು. ಬ್ಯಾನರ್ ನೋಡಿ ಯಾರೂ ವೋಟು ಹಾಕ್ಲಿಲ್ಲ. ಏದುಸಿರು ಬಿಡ್ತಾ ಓಡಿ ಬರೋರಿಗೆ ನಾನು ಬಸ್ ನಿಲ್ಲಿಸ್ತಿದ್ದೆನಲ್ಲ, ಅವರು ಹಾಕಿದ್ರು.”

ಮಾಲೀಕರು ಕಾಲ ಮೇಲೆ ಕಾಲು ಹಾಕಿದರೇ ಹೊರತು ಕದಲಲಿಲ್ಲ.

ಚೀಲದಿಂದ ನನ್ನ ಹಳೆಯ ಸೀಟಿ ತೆಗೆದೆ. ಎರಡು ಸಲ ಊದಿದರೆ ಬಸ್ ಹೊರಡಬೇಕು, ಒಂದೇ ಸಲ ಊದಿದರೆ ನಿಲ್ಲಬೇಕು. ಕಿವಿ ಗುಂಯ್‌ಗುಡುವ ಹಾಗೆ ಒಂದೇ ಸಲ ಊದಿದೆ. ನನ್ನನ್ನು ಕಾಣಲು ಹೊರಗೆ ಬೆಳಗಿನಿಂದ ನಿಂತಿದ್ದ ಜನ ಬಾಗಿಲಲ್ಲಿ ಇಣುಕಿದರು. ಮಾಲೀಕರು ತಡಬಡಾಯಿಸಿ ಎದ್ದು ನಿಂತರು.

“ನಿಮ್ಮ ಸ್ಟಾಪ್ ಬಂತು, ಇಳೀರಿ,” ಎಂದೆ. “ಹತ್ತೋರು ಕಾಯ್ತಿದಾರೆ.”