ಗಾಜಿನ ಬಾಗಿಲು ಮತ್ತು ಒಂದು ಭರಣಿ ಶಿರ್ಕೊ

ಆ ಗಾಜಿನ ಬಾಗಿಲು ನನಗೆ ಸವತಿ. ತಮಾಷೆಗೆ ಹೇಳುವುದಲ್ಲ. ಮದುವೆಯಾದ ಮೂರು ವರ್ಷದಲ್ಲಿ ನನ್ನ ಗಂಡ ಆಲ್ಫೋನ್ಸ್ ನನ್ನ ಜೊತೆ ಇದ್ದದ್ದು ಒಟ್ಟು ನಾಲ್ಕು ತಿಂಗಳು. ಉಳಿದ ಕಾಲವೆಲ್ಲ ಬಹರೈನಿನಲ್ಲಿ. ಕಾಗದ ಬರೆಯಲಿಕ್ಕೆ ಅವರಿಗೆ ಉದಾಸೀನ, ಹಾಗಾಗಿ ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿಸಿದ ಕ್ಯಾಸೆಟ್ ಕಳಿಸುತ್ತಿದ್ದರು, ನಮ್ಮ ಉತ್ತರವೂ ಕ್ಯಾಸೆಟಿನಲ್ಲಿಯೇ. ನಾನು ಮತ್ತು ಅತ್ತೆ ಬರ್ತಾ ಟೇಪ್‌ರೆಕಾರ್ಡರಿನ ಎದುರು ಕೂತರೆ ಮೊದಲು ಒಂದು ಕೆಮ್ಮು, ಆಮೇಲೆ "ಮಾಂಯ್, ಸೌಖ್ಯವಾ?", ಅದರ ಬೆನ್ನಿಗೇ "ಬಾತ್‌ರೂಮಿನ ಗಾಜು ಹೇಗುಂಟು?" ರೋಸಲಿನ್ ಎಂಬ ನನ್ನ ಹೆಸರು ಬರಬೇಕಾದರೆ ಟೇಪು ಅರ್ಧ ಓಡಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಾಜು ಬಂದದ್ದು ಎಂಬತ್ತೆರಡರಲ್ಲಿ. ಬಹರೈನಿನ ದೊಡ್ಡ ಹೋಟೆಲೊಂದರಲ್ಲಿ ಇವರು ಸೂಪರ್‌ವೈಸರ್. ಕಂಪೆನಿಯವರು ಕೆಲಸ ಮೆಚ್ಚಿ ಕೊಟ್ಟದ್ದು ಎಂದು ಹೇಳಿ, ಆಳೆತ್ತರದ ಎರಡು ಗಾಜುಗಳನ್ನು ಹಾಸಿಗೆಯ ಮಧ್ಯೆ ಸುತ್ತಿ, ಹಡಗಿನಲ್ಲಿ ಬೊಂಬಾಯಿಗೆ, ಅಲ್ಲಿಂದ ಲಾರಿಯಲ್ಲಿ ನಮ್ಮ ಶಂಕರಪುರಕ್ಕೆ ತರಿಸಿದರು. ಒಂದರ ಕೆಳಗಿನ ಮೂಲೆ ಚೂರು ಒಡೆದಿತ್ತು. ಲಾರಿಯವನಿಗೆ ಬೈದದ್ದೇ ಬೈದದ್ದು. ಹೊಸ ಬಾತ್‌ರೂಮಿನ ಮೂಲೆಯಲ್ಲಿ ಶವರಿನ ಸುತ್ತ ಅದನ್ನು ನಿಲ್ಲಿಸಿದ ಮೇಲೆ ಪಕ್ಕದ ಇನ್ನಂಜೆಯಿಂದೆಲ್ಲ ಜನ ನೋಡಲಿಕ್ಕೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬಾತ್‌ರೂಮಿಗೆ ಹೋದವರನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ಅತ್ತೆಯನ್ನು ನಾನೂ ಮಗನ ಹಾಗೆ ಮಾಂಯ್, ಅಮ್ಮ, ಎಂದೇ ಕರೆಯುವುದು. ಮಾಂಯ್ ಒಮ್ಮೆ ಗಾಜಿನ ಒಳಗೆ ಹೋಗಿ ನಿಂತರು, ಹೊರಗೆ ಬಂದರು. "ಬೇಕರಿಯಲ್ಲಿ ಬನ್ನು ಇಟ್ಟ ಹಾಗೆ ನನ್ನನ್ನು ಇಡುವುದು ಬೇಡ" ಎಂದು ಹೇಳಿ ಹಳೆಯ ಬಚ್ಚಲಿಗೇ ಹೋದರು. ಹಂಡೆಯ ಬಿಸಿನೀರು ಬಿಟ್ಟು ಆ ತಣ್ಣೀರಿನ ಚಿಟಿಚಿಟಿಗೆ ಯಾರು ನಿಲ್ಲುತ್ತಾರೆ? ನಾನೂ ಬಚ್ಚಲಿಗೇ. ಗಂಡ ವಿಮಾನ ಹತ್ತಿದ ಮೇಲೆ ಆ ಗಾಜಿನೊಳಗೆ ಒಂದು ನರಪಿಳ್ಳೆಯೂ ಸ್ನಾನ ಮಾಡಲಿಲ್ಲ.

ಆದರೆ ಜಾಗ ಖಾಲಿ ಇರಲಿಲ್ಲ. ಅಲ್ಲಿಯೇ ಇರುವುದು ವಿಷಯ.

ಮಾಂಯ್‌ಗೆ ಮನೆಯ ಹಿಂದೆ ನಲವತ್ತು ಮಲ್ಲಿಗೆ ಗಿಡ. ಮಾವ ತೀರಿಹೋದ ವರ್ಷ ನೆಟ್ಟದ್ದು. ಆ ಹೂವಿನಿಂದಲೇ ಆಲ್ಫೋನ್ಸ್ ಶಾಲೆ ಕಲಿತದ್ದು, ಪಾಸ್‌ಪೋರ್ಟ್ ಮಾಡಿಸಿದ್ದು. ಈಗ ಇವರಿಗೆ ಅದೇ ಮರ್ಯಾದೆಗೆ ಕಮ್ಮಿ! "ಸೂಪರ್‌ವೈಸರಿನ ತಾಯಿ ಜಗಲಿಯಲ್ಲಿ ಕೂತು ಮಾರಲಿಕ್ಕೆ ಹೂ ಕಟ್ಟುವುದಾ? ಬಹರೈನಿನಲ್ಲಿ ನಮ್ಮ ಊರಿನವರು ನನ್ನ ಮುಖ ನೋಡಿ ನಗುತ್ತಾರೆ" ಎಂದು ಹೋಗುವಾಗ ಕಟ್ಟುನಿಟ್ಟಾಗಿ ಹೇಳಿದ್ದರು. "ಇಗರ್ಜಿಯ ಅಲ್ತಾರಿಗೆ ನಾಲ್ಕು ಹೂ ಆಗುತ್ತದೆ ಎಂದು ಗಿಡ ಬಿಟ್ಟಿದ್ದೇನೆ. ಇನ್ನು ಒಂದು ಅಟ್ಟೆ ಹೂ ಮಾರಿದ್ದು ಗೊತ್ತಾದರೂ ಬುಡ ಸಮೇತ ಕೀಳಿಸಿ ಕಾರ್ ಶೆಡ್ ಕಟ್ಟಿಸುತ್ತೇನೆ." ಕಾರು ಇರಲಿಲ್ಲ, ಅದು ಬೇರೆ ಮಾತು.

ಮಾಂಯ್ "ಆಗಲಿ ಪುತಾ" ಎಂದರು. ವಿಮಾನ ಅರಬ್ಬೀ ಸಮುದ್ರ ದಾಟುವ ಮೊದಲೇ ಹೂ ಕಟ್ಟುವ ಬಾಳೆನಾರು ನೀರಿಗೆ ಹಾಕಿ ಕೂತರು. ಜಗಲಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವ ಗಲ್ಫಿನವರು ನೋಡಿ ಸುದ್ದಿ ಮುಟ್ಟಿಸುತ್ತಾರೆ. ಹಾಗಾಗಿ ಹೂವಿನ ಕೆಲಸ ಪೂರ್ತಿ ಒಳಗೆ ಬಂತು. ಮನೆಯಲ್ಲಿ ಎಲ್ಲಕ್ಕಿಂತ ತಂಪು ಜಾಗ ಯಾವುದು? ಟೈಲ್ಸ್ ಹಾಕಿದ ಆ ಗಾಜಿನ ಗೂಡು. ಬೆಳಿಗ್ಗೆ ಕೊಯ್ದ ಮೊಗ್ಗಿನ ಬುಟ್ಟಿ ಅಲ್ಲಿ, ಕಟ್ಟಿದ ಚೆಂಡುಗಳನ್ನು ಜೋಡಿಸಿ ಬಾಳೆಎಲೆಯಲ್ಲಿ ಸುತ್ತಿದ ಅಟ್ಟೆಗಳು ಟವೆಲ್ ನೇತುಹಾಕುವ ಕಂಬಿಯಲ್ಲಿ. ಆಗಾಗ ಶವರ್ ಚೂರು ತಿರುಗಿಸಿದರೆ ಹೂವಿಗೆ ತುಂತುರು. ಹತ್ತು ಗಂಟೆಗೆ ಹೂ ಒಯ್ಯುವವನು ಹಿಂಬಾಗಿಲಿಗೆ ಬರುತ್ತಿದ್ದ. "ನೋಡು ಬಾಯೆ, ನನ್ನ ಮಗ ತಂದ ಸಾಮಾನು ಎಷ್ಟು ಉಪಯೋಗಕ್ಕೆ ಬಂತು" ಎಂದು ಮಾಂಯ್ ನನ್ನ ಹತ್ತಿರ ಹೇಳಿ ಕಿಸಿಕಿಸಿ ನಗುತ್ತಿದ್ದರು. ನನಗೂ ಸವತಿಯ ತಲೆಗೆ ನೀರು ಬೀಳುವುದು ನೋಡಿ ಖುಷಿ.

ಎರಡು ವರ್ಷ ಹೀಗೆ ಹೋಯಿತು. ಎಂಬತ್ತನಾಲ್ಕರ ಎಪ್ರಿಲಿನಲ್ಲಿ, ಹೂವಿನ ಭರ್ತಿ ಸೀಸನ್ನಿನಲ್ಲಿ, ಟೆಲಿಗ್ರಾಮ್ ಬಂತು. ಮುಂದಿನ ಗುರುವಾರ ಬರುತ್ತಾರಂತೆ. ಇಬ್ಬರೂ ಓಡಿ ಹೋಗಿ ಮೊದಲ ಸಲ ಗಾಜನ್ನು ಗಾಜು ಎಂದು ನೋಡಿದೆವು. ದೇವರೇ! ಆಚೆ ಬದಿ ಕಾಣುವುದಿಲ್ಲ. ಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ. ಶವರಿಗೆ ಬರುವುದು ಬೋರಿನ ನೀರು, ಆ ನೀರಿನಲ್ಲಿ ಒಂದು ದಿವಸ ಬೇಯಿಸಿದರೂ ಬೇಳೆ ಬೇಯುವುದಿಲ್ಲ, ಅಂಥ ನೀರು. ಅದು ದಿನಾ ಸಿಡಿದು ಸಿಡಿದು ಒಣಗಿ ಕೂತಿತ್ತು.

"ಇದನ್ನು ನೋಡಿದರೆ ಅವನು ಕೇಳುತ್ತಾನೆ. ಕೇಳಿದರೆ ನನಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ" ಎಂದರು ಮಾಂಯ್.

"ಎರಡು ವರ್ಷದಿಂದ ಮತ್ತೆ ಎಂತ ಹೇಳಿದ್ದು ನೀವು?"

"ಅದು ಕ್ಯಾಸೆಟ್‌ಗೆ ಹೇಳಿದ್ದಲ್ವಾ. ಮುಖಕ್ಕೆ ಹೇಳಿದ್ದಲ್ಲವಲ್ಲ."

ನಾನು ನಗಬೇಕೆಂದಿದ್ದೆ. ಆದರೆ ಮಾಂಯ್ ಕಮೋಡಿನ ಮುಚ್ಚಳದ ಮೇಲೆ ಕೂತುಬಿಟ್ಟರು, ಕಣ್ಣು ತುಂಬಿತ್ತು. "ಬಾಯೆ, ಆ ಗಿಡ ಹೋದರೆ ನಾನು ಬೆಳಿಗ್ಗೆ ಎಂತಕ್ಕೆ ಏಳುವುದು?" ಎಂದರು. ಇನ್ನು ಈ ಗಾಜನ್ನು ಬಿಡುವುದಿಲ್ಲ ಎಂದು ಸೆರಗು ಸಿಕ್ಕಿಸಿದೆ.

ಮೊದಲ ದಿವಸ ಮಾಂಯ್ ತಮ್ಮ ವಿದ್ಯೆ ತೋರಿಸಿದರು. ಪಾತ್ರೆ ತಿಕ್ಕುವ ಹಾಗೆ ತೆಂಗಿನ ನಾರು ಮತ್ತು ಒಲೆಯ ಬೂದಿ. ನಾನು ಬೇಡ ಬೇಡ ಎನ್ನುವುದರೊಳಗೆ ಕರಕರ ಎಂದು ನಾಲ್ಕು ಸಲ ಎಳೆದಾಗಿತ್ತು. ಬಿಳಿ ಹೋಗಲಿಲ್ಲ, ಕೆಳಗೆ ಅಂಗೈ ಅಗಲ ಗೀರು ಬಿತ್ತು. ಎರಡನೆಯ ದಿವಸ ಹುಣಸೆಹುಳಿ ಮತ್ತು ಉಪ್ಪು. ತಾಮ್ರದ ಹಂಡೆ ಫಳಫಳ ಆಗುತ್ತದಲ್ಲ, ಗಾಜು ಯಾಕೆ ಆಗಬಾರದು? ಗಾಜು ಕಂದು ಬಣ್ಣಕ್ಕೆ ತಿರುಗಿತು, ರಬ್ಬರಿನ ಸಂದಿಗೆಲ್ಲ ಹುಳಿ ಹೊಕ್ಕು ಇರುವೆ ಸಾಲು ಹಿಡಿಯಿತು. ಆ ಇರುವೆ ಬಿಡಿಸಲಿಕ್ಕೇ ಮೂರನೆಯ ದಿವಸ ಕಳೆಯಿತು. ನಾಲ್ಕನೆಯ ದಿವಸ ಸೀಮೆಎಣ್ಣೆ ಮತ್ತು ಹಳೆಯ ಪೇಪರ್. ಒರೆಸುವಾಗ ಕನ್ನಡಿ! ನಾವಿಬ್ಬರೂ ಕುಣಿಯುವುದೊಂದು ಬಾಕಿ. ಕಾಫಿ ಕುಡಿದು ಬರುವುದರೊಳಗೆ ಒಣಗಿ, ಬಿಳಿ ಇದ್ದಲ್ಲಿಯೇ ಇತ್ತು. ಮೇಲಿನಿಂದ ಸೀಮೆಎಣ್ಣೆಯ ನಾತ ಬೇರೆ.

ಐದನೆಯ ದಿವಸ ನಾನು ಬಸ್ಸು ಹತ್ತಿ ಉಡುಪಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವರು ಒಂದು ಆಸಿಡ್ ಬಾಟಲಿ ತೆಗೆದು ಇಟ್ಟರು. ಮುಚ್ಚಳ ತೆಗೆದದ್ದೇ ಅವರೇ ಎರಡು ಹೆಜ್ಜೆ ಹಿಂದೆ ಹೋದರು. ಇವರೇ ಹೆದರುವ ಸಾಮಾನು ನನಗೆ ಯಾಕೆ ಎಂದು ಬರಿಗೈಯಲ್ಲಿ ವಾಪಸು ಬಂದೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತದ್ದು ನಳಿನಾಕ್ಷಿ ಟೀಚರ್. ಇನ್ನಂಜೆಯವರು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರು. ನನ್ನ ಸಪ್ಪೆ ಮುಖ ನೋಡಿ "ಎಂತ ಆಯಿತು ಮಾರಾಯ್ತಿ?" ಎಂದು ಕೇಳಿದರು. ನಾನು ಹೂವಿನ ಸಂಗತಿ ಬಿಟ್ಟು ಉಳಿದದ್ದೆಲ್ಲ ಹೇಳಿದೆ.

"ಅದು ಸುಣ್ಣದಂಶ ಅಲ್ವಾ? ತಿಕ್ಕಿದರೆ ಎಲ್ಲಿ ಹೋಗುತ್ತದೆ? ಕರಗಿಸಬೇಕು" ಎಂದರು ಟೀಚರ್. "ನಿಮ್ಮವರ ಮನೆಯಲ್ಲಿ ಹಂದಿ ಪದಾರ್ಥಕ್ಕೆ ಒಂದು ಹುಳಿ ಹಾಕುತ್ತಾರಲ್ಲ, ಕಳ್ಳಿನದ್ದು, ಅದು ಉಂಟಾ? ಬಿಸಿ ಮಾಡಿ ಬಟ್ಟೆ ಅದ್ದಿ ಗಾಜಿಗೆ ಅಂಟಿಸಿ, ಒಂದು ಗಂಟೆ ಬಿಡಿ. ಆಮೇಲೆ ಕೇಕಿಗೆ ಹಾಕುವ ಸೋಡಾ ಹುಡಿಯನ್ನು ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ ತೊಳೆಯಿರಿ."

ಕಳ್ಳು ಹುಳಿ ಬರಿಸಿ ಮಾಡುವ ಶಿರ್ಕೊ ಮನೆಯಲ್ಲಿ ಇತ್ತು. ಒಂದೇ ಒಂದು ಭರಣಿ. ಮಗ ಬಂದಾಗ ಹಂದಿಮಾಂಸದ ಬಾಫಾತ್ ಮಾಡಲಿಕ್ಕೆಂದು ಮಾಂಯ್ ಒಂದು ವರ್ಷದಿಂದ ಬಾಯಿಗೆ ಬಟ್ಟೆ ಕಟ್ಟಿ ಇಟ್ಟದ್ದು. "ಬಂದ ದಿವಸ ಬಾಫಾತ್ ಬೇಕು, ಮಾಂಯ್" ಎಂದು ಪ್ರತಿ ಕ್ಯಾಸೆಟಿನಲ್ಲಿಯೂ ಇತ್ತು. ಗಾಜಿನ ನಂತರ, ನನ್ನ ಹೆಸರಿಗಿಂತ ಮೊದಲು.

ಹೇಳಿದಾಗ ಮಾಂಯ್ ಭರಣಿಯನ್ನು ತಬ್ಬಿಕೊಂಡು ನಿಂತರು. "ಗಾಜಿಗಾ? ನನ್ನ ಶಿರ್ಕೊ ಗಾಜಿಗಾ?"

"ಬಾಫಾತ್ ಬೇಕಾ, ಗಿಡ ಬೇಕಾ, ನೀವೇ ಹೇಳಿ."

ಕೊನೆಗೆ ಅವರೇ ಭರಣಿಯ ಕಟ್ಟು ಬಿಚ್ಚಿದರು. ಮರುದಿನ, ಮಂಗಳವಾರ ಮಧ್ಯಾಹ್ನ ಶಿರ್ಕೊ ಬಿಸಿ ಮಾಡಿ, ಮಾವನ ಹಳೆಯ ಧೋತಿ ಹರಿದು ಅದ್ದಿ ಗಾಜಿಗೆಲ್ಲ ಮೆತ್ತಿದೆವು. ಹುಳಿಗೆ ಕಣ್ಣು ಮೂಗು ಎರಡೂ ಹರಿಯುತ್ತಿದ್ದವು. ಗಂಟೆ ಬಿಟ್ಟು ಬಟ್ಟೆ ತೆಗೆದು ಸೋಡಾ ಹುಡಿ ಉಜ್ಜಿದ್ದೇ ಬುಸ್ ಎಂದು ನೊರೆ ಎದ್ದಿತು. ಮಾಂಯ್ ಹಿಂದೆ ಹಾರಿ ಶಿಲುಬೆಯ ಗುರುತು ಹಾಕಿಕೊಂಡರು. ಬಾವಿಯ ನೀರು ಸುರಿದೆವು. ಬಿಳಿಯೆಲ್ಲ ಇಳಿದು ಹೋಯಿತು! ಒರೆಸಿ ನೋಡಿದರೆ ಆಚೆ ಬದಿಯಲ್ಲಿ ಮಾಂಯ್ ಬೊಚ್ಚು ಬಾಯಿ ತೆರೆದು ನಗುವುದು ಉಳಿದ ಹಲ್ಲಿನ ಲೆಕ್ಕ ಸಮೇತ ಕಾಣುತ್ತಿತ್ತು. ನಾನು ಈಚೆಯಿಂದ ಗಾಜಿಗೆ ಮೂಗು ಒತ್ತಿ ಅಣಕಿಸಿದೆ. ಇಬ್ಬರೂ ನೆಲದಲ್ಲಿ ಕೂತು ಸುಸ್ತಾಗುವಷ್ಟು ನಕ್ಕೆವು.

ಗುರುವಾರ ಬೆಳಿಗ್ಗೆ ಹೂ ಕೊಯ್ಯಲಿಲ್ಲ, ಬುಟ್ಟಿಗಳೆಲ್ಲ ಅಟ್ಟಕ್ಕೆ. ಹನ್ನೊಂದು ಗಂಟೆಗೆ ಕಾಪುವಿನಿಂದ ಟ್ಯಾಕ್ಸಿ ಬಂತು. ಆಲ್ಫೋನ್ಸ್ ಇಳಿದರು, ತಾಯಿಯನ್ನು ಅಪ್ಪಿದರು, ನನ್ನನ್ನು ನೋಡಿ ನಾಚಿಕೊಂಡು ನಕ್ಕರು. ಪೆಟ್ಟಿಗೆ ಒಳಗೆ ಇಟ್ಟು ನೇರ ಎಲ್ಲಿಗೆ ಹೋದರು ಹೇಳಿ? ಸವತಿಯ ಹತ್ತಿರಕ್ಕೆ. ನಾವಿಬ್ಬರೂ ಹಿಂದೆ ಹೋದೆವು.

"ಆಹಾ, ಹೊಸದರ ಹಾಗೆ ಇಟ್ಟಿದ್ದೀರಿ" ಎಂದರು. ಮಾಂಯ್ ನನಗೆ ಕಣ್ಣು ಹೊಡೆದರು.

ಅಷ್ಟರಲ್ಲಿ ಅವರು ಮೂಗು ಅರಳಿಸಿದರು. ಬಗ್ಗಿದರು. ಬಾಗಿಲಿನ ಅಂಚಿನ ರಬ್ಬರನ್ನು ಎರಡು ಬೆರಳಲ್ಲಿ ಮಗುಚಿ, ಸಂದಿಯಲ್ಲಿ ಉಗುರು ಎಳೆದು, ಉಗುರಿಗೆ ಬಂದ ಬಿಳಿಯನ್ನು ಬೆಳಕಿಗೆ ಹಿಡಿದರು.

"ಈ ಗೀರು ಬೂದಿಯದ್ದು. ಶಿರ್ಕೊವೂ ಹಾಕಿದ್ದೀರಿ. ಬಿಸಿ ಮಾಡಿ. ಆಮೇಲೆ ಸೋಡಾ" ಎಂದರು. "ಆದರೆ ಇದು ಸೋಪಿನ ಕಲೆ ಅಲ್ಲ. ಸೋಪಿನದ್ದು ಜಿಡ್ಡು, ಮೇಣದ ಹಾಗೆ ಬರುತ್ತದೆ. ಇದು ಹುಡಿ. ಬರಿಯ ನೀರು ದಿನಾ ಬಿದ್ದು ಒಣಗಿದ್ದು. ಇಲ್ಲಿ ಯಾರೂ ಸ್ನಾನ ಮಾಡಿಲ್ಲ." ಮಾತಾಡುತ್ತಲೇ ಕೆಳಗಿನ ಪಟ್ಟಿಯೊಳಗೆ ಬೆರಳು ಹಾಕಿ ಒಣಗಿದ ಮಲ್ಲಿಗೆಯ ಮೊಗ್ಗೊಂದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. "ಮಾಂಯ್, ಇಲ್ಲಿ ಎಂತ ಇಡುತ್ತಿದ್ದದ್ದು ನೀನು?"

ಮಾಂಯ್ ಮುಖ ಸುಣ್ಣದ ಹಾಗೆ ಆಯಿತು.

ಇವರು ಸಿಟ್ಟಿನಲ್ಲಿಯೇ ಬದಿಯಲ್ಲಿದ್ದ ಪೇಪರ್ ತೆಗೆದರು. ಮಡಚಿ, ಒದ್ದೆ ಮಾಡಿ, ಕುಕ್ಕರಗಾಲಿನಲ್ಲಿ ಕೂತು ನಾವು ಬಿಟ್ಟ ಅಂಚನ್ನು ಒರೆಸತೊಡಗಿದರು. ಕೈ ಮೇಲಿನಿಂದ ಕೆಳಗೆ ಹಾವು ಹರಿದ ಹಾಗೆ ಹೋಗುತ್ತಿತ್ತು, ಒಂದು ಗೆರೆ ಬಿಡದೆ. ಎಡಗೈ ತಾನಾಗಿಯೇ ಹೆಗಲು ಮುಟ್ಟಿತು, ಅಲ್ಲಿ ಯಾವಾಗಲೂ ಒಂದು ಬಟ್ಟೆ ಇರುತ್ತದೆ ಎನ್ನುವ ಹಾಗೆ. ನಮಗಿಬ್ಬರಿಗೆ ಆರು ದಿವಸ ಹಿಡಿದ ಗಾಜು ಆ ಕೈಗೆ ಎರಡು ನಿಮಿಷ ಹಿಡಿಯಲಿಲ್ಲ.

ನನ್ನ ಬಾಯಿ ಸುಮ್ಮನಿರುವ ಬಾಯಿ ಅಲ್ಲ. "ಸೂಪರ್‌ವೈಸರಿಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿಬಿಟ್ಟೆ.

ಕೈ ನಿಂತಿತು. ಇವರು ತಿರುಗಲಿಲ್ಲ, ಗಾಜಿನಲ್ಲಿ ಮಾತ್ರ ಮುಖ ಕಾಣುತ್ತಿತ್ತು.

"ಸೂಪರ್‌ವೈಸರ್ ಅಲ್ಲ" ಎಂದರು. "ಎಂಟು ವರ್ಷದಿಂದ ಇದೇ ಕೆಲಸ. ದಿವಸಕ್ಕೆ ನಲವತ್ತು ರೂಮು, ನಲವತ್ತು ಬಾಗಿಲು. ಇದು ಮೂಲೆ ಒಡೆದದ್ದೆಂದು ಹೋಟೆಲಿನವರು ಬಿಸಾಡಿದ್ದು. ನಾನು ಮ್ಯಾನೇಜರನ ಹತ್ತಿರ ಬೇಡಿ ತೆಗೆದುಕೊಂಡೆ. ದಿನಾ ಬೇರೆಯವರ ಗಾಜು ಒರೆಸುವವನಿಗೆ ಒಂದು ಸ್ವಂತದ್ದು ಇರಲಿ ಎಂದು ಆಸೆಯಾಯಿತು."

ಪಾಪ, ಆ ಲಾರಿಯವನು ಸುಮ್ಮನೆ ಬೈಸಿಕೊಂಡ.

ಮಾಂಯ್ ಹತ್ತಿರ ಹೋಗಿ ಮಗನ ಕೈ ಹಿಡಿದು ಮಗುಚಿ ನೋಡಿದರು. ಬೆರಳ ಸಂದಿಯೆಲ್ಲ ಸೀಳಿ ಚರ್ಮ ಎದ್ದಿತ್ತು. ಬಾಳೆನಾರು ಎಳೆದು ಎಳೆದು ಅವರ ತೋರುಬೆರಳಲ್ಲಿಯೂ ಅಂಥದೇ ಒಂದು ಸೀಳು ಉಂಟು. ಅವರು ಅತ್ತರು, ಅಳುತ್ತಲೇ ಬೈದರು. "ಇಷ್ಟು ಗೊತ್ತಿದ್ದವನು ಕ್ಯಾಸೆಟಿನಲ್ಲಿ ಒಂದು ಮಾತು ಹೇಳಬಾರದಿತ್ತಾ, ಪುತಾ? ಇರುವೆ ಕಚ್ಚಿಸಿಕೊಂಡು ಆರು ದಿವಸ ನಮ್ಮ ಸೊಂಟ ಮುರಿಯಿತು! ನಿನ್ನ ಬಾಫಾತಿನ ಶಿರ್ಕೊ ಪೂರ್ತಿ ಇದರ ಮೈಗೆ ಹೋಯಿತು!"

ಆ ದಿವಸ ಬಾಫಾತ್‌ಗೆ ಶಿರ್ಕೊದ ಬದಲು ಬಿಂಬುಳಿ ಕಾಯಿ ಹಾಕಿದೆವು. ಅಷ್ಟು ರುಚಿಯಾಗಲಿಲ್ಲ. ಇವರು ಮೂರು ಸಲ ಹಾಕಿಸಿಕೊಂಡು ತಿಂದರು.

ಮರುದಿನ ನಾನು ಏಳುವಾಗ ಹಾಸಿಗೆ ಖಾಲಿ. ಹಿಂದೆ ಹೋಗಿ ನೋಡಿದರೆ ಲುಂಗಿ ಎತ್ತಿಕಟ್ಟಿ ಇವರು ಹೂ ಕೊಯ್ಯುತ್ತಿದ್ದಾರೆ. ಪಕ್ಕದಲ್ಲಿ ಮಾಂಯ್, ಮೊಗ್ಗು ಜಜ್ಜಬೇಡ ಎಂದು ಗದರುತ್ತಿದ್ದಾರೆ. ಎಂಟು ಗಂಟೆಗೆ ತಾಯಿ ಮಗ ಇಬ್ಬರೂ ಎಲ್ಲರಿಗೂ ಕಾಣುವ ಹಾಗೆ ಜಗಲಿಯಲ್ಲಿ ಕೂತು ಹೂ ಕಟ್ಟಿದರು. ಇವರು ಕಟ್ಟಿದ್ದನ್ನೆಲ್ಲ ಮಾಂಯ್ ಗುಟ್ಟಾಗಿ ಬಿಚ್ಚಿ ಮತ್ತೆ ಕಟ್ಟಿದರು. ಅಟ್ಟೆಗಳು ಗಾಜಿನ ಗೂಡಿಗೇ ಹೋದವು. "ಅಲ್ಲಿಯೇ ಇರಲಿ" ಎಂದು ಇವರು ನನಗೆ ಗುಟ್ಟು ಹೇಳಿಕೊಟ್ಟರು. "ಶಿರ್ಕೊ, ಸೋಡಾ ಎಂತದೂ ಬೇಡ. ಒದ್ದೆ ಗಾಜು ತಾನಾಗಿ ಒಣಗಲಿಕ್ಕೆ ಬಿಡಬೇಡ. ಹೂ ತೆಗೆದ ಕೂಡಲೇ ಒಮ್ಮೆ ಒರೆಸು, ಅಷ್ಟೇ."

ಎರಡು ತಿಂಗಳಿದ್ದು ಹೋದರು. ಹೋದ ಮೇಲೆ ಮೊದಲ ಕ್ಯಾಸೆಟ್ ಬಂದಾಗ ನಾವಿಬ್ಬರೂ ಟೇಪ್‌ರೆಕಾರ್ಡರಿನ ಎದುರು ಕೂತೆವು. ಎಂದಿನ ಹಾಗೆ ಕೆಮ್ಮು. ಆಮೇಲೆ "ರೋಸಲಿನ್, ಸೌಖ್ಯವಾ?" ನಾನು ಟೇಪು ಹಿಂದೆ ಓಡಿಸಿ ಅದನ್ನು ಎರಡು ಸಲ ಕೇಳಿದೆ, ಮಾಂಯ್ ನನ್ನ ತೊಡೆ ಚಿವುಟಿದರು. ಅದರ ನಂತರ ಬಂತು: "ಮಾಂಯ್, ಇವತ್ತು ನಲವತ್ತೆರಡು ಬಾಗಿಲು ಒರೆಸಿದೆ. ನಿನ್ನದು ಎಷ್ಟು ಅಟ್ಟೆ?"

ಮಾಂಯ್ ರೆಕಾರ್ಡ್ ಬಟನ್ ಒತ್ತಲಿಕ್ಕೂ ಕಾಯಲಿಲ್ಲ. ಪೆಟ್ಟಿಗೆಗೆ ಬಾಯಿ ಹಚ್ಚಿ, ಬಹರೈನಿಗೇ ಕೇಳಬೇಕು ಎನ್ನುವ ಹಾಗೆ ಕೂಗಿದರು: "ಏಳು, ಪುತಾ! ಇವತ್ತು ಏಳು!"