ಕಾಲರ್

ಕತ್ತಲಲ್ಲಿ ಕುಳಿತು ಟೈಲರು ಹೆಂಡತಿಯ ಕಡೆ ಕಣ್ಣು ಕೆಕ್ಕರಿಸಿ ನೋಡಿದ. ಕತ್ತಲಲ್ಲಿ ಕೆಕ್ಕರಿಸಿದ ಕಣ್ಣಿಗೆ ಯಾರು ಹೆದರುತ್ತಾರೆ? ಅವಳು ಮೆಷಿನ್ ತುಳಿಯುತ್ತಲೇ ಇದ್ದಳು.

"ನಿಲ್ಸೇ ಮಾರಾಯ್ತಿ! ಹೊರಗೆ ಆಫೀಸರು ಬಂದಿದ್ದಾರೆ."

"ಬರ್ಲಿ. ಸಾಯಂಕಾಲ ಯೂನಿಫಾರಂ ಕೊಡ್ತೀನಿ ಅಂತ ಆ ಮಗೂ ತಾಯಿಗೆ ಹೇಳಿದೀನಿ. ನಿಮ್ಮ ಆಫೀಸರು ಬಂದು ಗುಂಡಿ ಹಾಕ್ಕೊಡ್ತಾರಾ?"

ಶಟರು ಪೂರ್ತಿ ಕೆಳಗಿಳಿದಿತ್ತು. ನೆಲಕ್ಕೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ, ಅಲ್ಲಿಂದ ಬರುವಷ್ಟೇ ಬೆಳಕು. ಟೈಲರು ತನ್ನ ಮದುವೆಯ ದಿನ ಕೂಡ ಬೆಳಗ್ಗೆ ಅಂಗಡಿ ತೆರೆದು, ತನ್ನ ಕೋಟಿಗೆ ತಾನೇ ಗುಂಡಿ ಹೊಲಿದುಕೊಂಡು ಹೋದವನು. ಹಗಲು ಹೊತ್ತಿನಲ್ಲಿ ಶಟರು ಇಳಿಸಿ ಕಳ್ಳನ ಹಾಗೆ ಒಳಗೆ ಕುಳಿತದ್ದು ಇದೇ ಮೊದಲು. ಮನಸ್ಸಿಗೆ ಬಹಳ ಕಸಿವಿಸಿಯಾಗಿತ್ತು.

ಇದೆಲ್ಲ ಗಡಿಯಾರದಣ್ಣನ ಕರಾಮತ್ತು. ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಈ ಮನುಷ್ಯನಿಗೆ ಗಿರಾಕಿಗಳಿಲ್ಲ, ಹಾಗಾಗಿ ಪೇಪರು ಓದಲು ಬೇಕಾದಷ್ಟು ಪುರುಸೊತ್ತು. ಮೇಲ್ಸೇತುವೆ ಬಂದು ಬಸ್ಸುಗಳೆಲ್ಲ ತಲೆಯ ಮೇಲೇ ಹಾರಿಹೋಗಲು ಶುರುವಾದಂದಿನಿಂದ ಆ ಬೀದಿಯಲ್ಲಿ ಎಲ್ಲರೂ ನೊಣ ಹೊಡೆಯುತ್ತಾ ಕೂತವರೇ. ಒಂದೊಂದಾಗಿ ಅಂಗಡಿಗಳು ಮುಚ್ಚಿದವು. ಸೊರಗಿದ ಬೀದಿಗಳಿಗೆ ಮತ್ತೆ ಜೀವ ಕೊಡಲು ಸರ್ಕಾರ ತೆರಿಗೆ ರಿಯಾಯಿತಿ ತಂದಿದೆ ಎಂದು ಪೇಪರಿನಲ್ಲಿ ಓದಿದ ದಿನ ಗಡಿಯಾರದಣ್ಣ ಕುರ್ಚಿಯಿಂದ ಎಗರಿ ಬಿದ್ದಿದ್ದ. ಬೀದಿಯ ಅರ್ಧದಷ್ಟು ಅಂಗಡಿ ಮುಚ್ಚಿದ್ದರೆ ಅದು ಸೊರಗಿದ ಬೀದಿ. ಅಲ್ಲಿನ ಕಟ್ಟಡಗಳಿಗೆ ಕೆಲವು ವರ್ಷ ತೆರಿಗೆಯಿಲ್ಲ. ಮುಚ್ಚಿದ ಅಂಗಡಿಯನ್ನು ಯಾರಾದರೂ ಹೊಸದಾಗಿ ತೆರೆದರೆ ಅವರಿಗೆ ಇನ್ನಷ್ಟು ಸವಲತ್ತು. ಈ ಕೊನೆಯದನ್ನು ಅವನು ಗಟ್ಟಿಯಾಗಿ ಓದಿ, "ಇಲ್ಲಿ ಬಂದು ಅಂಗಡಿ ತೆಗೆಯೋಕೆ ಯಾರಿಗೆ ತಲೆ ಕೆಟ್ಟಿದೆ?" ಎಂದು ನಕ್ಕು ಹಾಳೆ ಮಗುಚಿದ್ದ.

ತೊಂದರೆ ಏನೆಂದರೆ, ಎಣಿಸಿ ನೋಡಿದಾಗ ಬೀದಿ ಸೊರಗುವುದಕ್ಕೆ ಒಂದೇ ಒಂದು ಅಂಗಡಿ ಕಡಿಮೆ ಬಿತ್ತು.

"ಆಫೀಸರು ಎಣಿಸೋಕೆ ಬರೋ ದಿನ ನೀನು ಒಂದಿನ ಮುಚ್ಚಯ್ಯಾ," ಎಂದು ಗಡಿಯಾರದಣ್ಣ ಟೈಲರಿಗೆ ಗಂಟುಬಿದ್ದ. "ಹೆಚ್ಚು ಲಾಭ ನಿಂಗೇ ತಾನೆ? ತೆರಿಗೆ ಕಟ್ಟಿ ಕಟ್ಟಿ ಸಾಕಾಯ್ತು, ಕಟ್ಟಡ ಮಾರ್ತೀನಿ ಅಂತ ಕೂತಿರೋನು ನಿನ್ನ ಭಾವ. ನನ್ನ ಭಾವ ಅಲ್ಲ."

ಅದು ನಿಜವೇ. ಅಂಗಡಿ ಇದ್ದ ಕಟ್ಟಡ ಟೈಲರ ಹೆಂಡತಿಯ ಅಣ್ಣನದು. ಗೋದಾಮು ಕಟ್ಟುವವರು ಆಗಲೇ ಎರಡು ಸಲ ಬಂದು ಗೋಡೆಗೆ ಟೇಪು ಹಿಡಿದು ಹೋಗಿದ್ದರು. ಟೇಪು ಹಿಡಿಯುವುದು ತನ್ನ ಕೆಲಸ, ತನ್ನ ಅಂಗಡಿಗೇ ಇನ್ಯಾರೋ ಟೇಪು ಹಿಡಿದರಲ್ಲ ಎಂದು ಟೈಲರಿಗೆ ಆ ರಾತ್ರಿ ಊಟವೇ ಸೇರಿರಲಿಲ್ಲ. ಈ ವಯಸ್ಸಿನಲ್ಲಿ ಮೆಷಿನ್ ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಹಾಗಾಗಿ ಒಪ್ಪಿಕೊಂಡ. ಬೋರ್ಡು ಇಳಿಸಿ ಒಳಗಿಟ್ಟ. ಆದರೆ ಅವನ ಹೆಂಡತಿ ದಿನಾ ಒರೆಸಿಡುವ ಶಟರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊನೆಗೆ ಎದುರಿನ ಕ್ಷೌರದಂಗಡಿಯವನು, ನಿಜವಾಗಿಯೂ ಮುಚ್ಚಿಹೋಗಿದ್ದ ಪಕ್ಕದ ಅಂಗಡಿಯಿಂದ ಒಂದು ಮೊರ ಧೂಳು ತಂದು ಶಟರಿಗೆ ಎರಚಬೇಕಾಯಿತು. ಅವಳು ಅವನನ್ನು ಬಾಯಿಗೆ ಬಂದಂತೆ ಬೈದಳು.

ಈಗ ಬೂಟಿನ ಸದ್ದು ಅಂಗಡಿಯ ಮುಂದೆಯೇ ಬಂದು ನಿಂತಿತು. ಟೈಲರು ನೆಲಕ್ಕೆ ಕೆನ್ನೆ ಹಚ್ಚಿ ಸಂದಿಯಿಂದ ನೋಡಿದ. ಒಂದು ಜೊತೆ ಕಪ್ಪು ಬೂಟು, ಅದರ ಮೇಲೆ ಬೂದು ಪ್ಯಾಂಟಿನ ಅಂಚು. ರೆಡಿಮೇಡ್ ಪ್ಯಾಂಟು, ಒಂಟಿ ಹೊಲಿಗೆ. ಥೂ, ಎಂದುಕೊಂಡ. ಪಕ್ಕದಲ್ಲಿ ಗಡಿಯಾರದಣ್ಣನ ಚಪ್ಪಲಿ.

"ಇದೂ ಮುಚ್ಚಿದೆಯಾ?" ಆಫೀಸರ ದನಿ ಆಯಾಸದ್ದಾಗಿತ್ತು.

"ಮುಚ್ಚಿ ಯಾವ ಕಾಲವಾಯ್ತು ಸಾರ್! ನೋಡಿ, ಧೂಳು ನೋಡಿ."

"ಒಳಗೇನೋ ಕಟಕಟ ಅಂತಿದೆಯಲ್ರೀ?"

ಟೈಲರು ಕೈ ಚಾಚಿ ಹೆಂಡತಿಯ ಕಾಲು ಹಿಡಿದುಕೊಂಡ, ಮೆಷಿನ್ ನಿಂತಿತು. ಗಂಡ ಎಂದೂ ಕಾಲು ಹಿಡಿಯದಿದ್ದವನು ಈಗ ಹಿಡಿದನಲ್ಲ ಎಂದು ಅವಳಿಗೆ ಒಳಗೊಳಗೇ ನಗು.

"ಇಲಿ ಸಾರ್," ಎಂದ ಗಡಿಯಾರದಣ್ಣ. "ಇಷ್ಟಿಷ್ಟು ದಪ್ಪ ಇವೆ."

"ಇಲಿಗಳಿವೆ," ಎಂದು ಆಫೀಸರು ಹೇಳಿಕೊಳ್ಳುತ್ತಾ ಬರೆದರು. ಬರೆದ ಮೇಲೆ ಎಷ್ಟು ದಪ್ಪ ಎಂದು ನೋಡುವ ಆಸೆಯಾಯಿತೋ ಏನೋ, ಸಂದಿಯಲ್ಲಿ ಇಣುಕಲು ಸೊಂಟ ಬಗ್ಗಿಸಿದರು. ಟೈಲರು ಸಂದಿಯಿಂದ ಹಿಂದಕ್ಕೆ ಸರಿದ. ಅಷ್ಟರಲ್ಲಿ ಹೊರಗೆ ಪರ್‌ರ್‌ರ್ ಎಂದು ಸದ್ದಾಯಿತು.

ಅದು ಯಾವ ಸದ್ದು ಎಂದು ಗಂಡಹೆಂಡಿರಿಗೆ ಯಾರೂ ಹೇಳಬೇಕಿರಲಿಲ್ಲ. ಹಿಂಬದಿಯ ಹೊಲಿಗೆ ಸೊಂಟಪಟ್ಟಿಯಿಂದ ಕೆಳಗಿನವರೆಗೆ ಬಿಟ್ಟುಕೊಂಡಿತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆಫೀಸರು ಶಟರಿಗೆ ಬೆನ್ನು ಒತ್ತಿ ನಿಂತದ್ದಕ್ಕೆ ತಗಡು ಗಡಗಡ ಎಂದಿತು.

"ಏನ್ರೀ ಇದು ಗ್ರಹಚಾರ! ನಾನು ಇನ್ನೂ ಎರಡು ಬೀದಿ ನೋಡ್ಬೇಕು. ಇಡೀ ಬೀದೀಲಿ ಒಬ್ಬ ಟೈಲರೂ ಇಲ್ವೇನ್ರೀ?"

"ಇದ್ದ ಸಾರ್ ಒಬ್ಬ," ಎಂದ ಗಡಿಯಾರದಣ್ಣ. ಹೇಳಿದ ಮೇಲೆ ಅವನಿಗೆ ತಪ್ಪು ಹೊಳೆದಿರಬೇಕು. ಎಲ್ಲಿದ್ದಾನೆ, ಕರೆಸಿ ಎಂದರೆ ಏನು ಗತಿ? ದನಿ ಇಳಿಸಿ ಸೇರಿಸಿದ: "ಇದೇ ಅಂಗಡಿ ಅವಂದು. ತೀರ್ಕೊಂಡ ಪಾಪ."

ಒಳಗೆ ಟೈಲರ ಹೆಂಡತಿ ಸಟಕ್ಕನೆ ಎದ್ದು ನಿಂತಳು. "ಇವನ ನಾಲಿಗೆ ಬಿದ್ದುಹೋಗ!" ಎಂದು ಪಿಸುಗುಟ್ಟಿದಳು. ಟೈಲರು ಅವಳ ಬಾಯಿಗೆ ಕೈ ಅಡ್ಡ ಹಿಡಿದ. ಸತ್ತರೆ ಸತ್ತೆ, ಅಂಗಡಿ ಉಳಿದರೆ ಸಾಕು ಎನಿಸಿತು ಅವನಿಗೆ. ಒಂದು ದಿನದ ಸಾವು, ಸಹಿಸಿಕೊಂಡರಾಯಿತು.

"ಛೆ ಛೆ," ಎಂದು ಆಫೀಸರು ಅದನ್ನೂ ಬರೆದುಕೊಂಡರು. "ಒಳ್ಳೆ ಕೆಲಸಗಾರನೇ?"

ಟೈಲರ ಮೈಯೆಲ್ಲ ಕಿವಿಯಾಯಿತು. ಬದುಕಿರುವಾಗಲೇ ಇಂಥದ್ದನ್ನು ಕೇಳುವ ಭಾಗ್ಯ ಯಾರಿಗಿದೆ?

"ಒಳ್ಳೆಯವನು ಸಾರ್. ಮಾತು ಅಂದ್ರೆ ಮಾತು. ಪ್ಯಾಂಟಂತೂ ಎತ್ತಿದ ಕೈ." ಬರೀ ಹೊಗಳಿದರೆ ಆಫೀಸರಿಗೆ ಅನುಮಾನ ಬಂದೀತು ಎಂದು ಗಡಿಯಾರದಣ್ಣನಿಗೆ ಹೊಳೆಯಿತೋ ಏನೋ, "ಕೆಲಸಗಾರ ಪರವಾಗಿಲ್ಲ. ಆದ್ರೆ, ಸತ್ತೋರ ಬಗ್ಗೆ ಹೇಳ್ಬಾರ್ದು, ಕಾಲರ್ ಮಾತ್ರ ಅವನಿಗೆ ಒಂದಿನಾನೂ ಸರಿಯಾಗಿ ಬರ್ಲಿಲ್ಲ," ಎಂದುಬಿಟ್ಟ.

ಗಡಗಡಗಡ ಎಂದು ಶಟರು ಮೇಲೆದ್ದಿತು. ಅದಕ್ಕೆ ಒರಗಿ ನಿಂತಿದ್ದ ಆಫೀಸರು ಅಂಗಡಿಯೊಳಗೆ ಹಿಮ್ಮುಖವಾಗಿ ಬಂದು ಬಟ್ಟೆಗಂಟಿನ ಮೇಲೆ ಕುಳಿತರು.

"ನನ್ನ ಕಾಲರ್ ಸರಿ ಬರ್ಲಿಲ್ವಾ?" ಟೈಲರು ಗಡಿಯಾರದಣ್ಣನ ಅಂಗಿಯ ಕುತ್ತಿಗೆ ಹಿಡಿದಿದ್ದ. "ಈಗ ಹಾಕಿದೀಯಲ್ಲ, ಇದು ಯಾರು ಹೊಲಿದ ಕಾಲರೋ? ಇಷ್ಟು ವರ್ಷದಿಂದ ಇದ್ದ ಹಾಗೇ ನಿಂತಿದೆ. ಹೇಳೋ!"

"ಅಯ್ಯೋ ದೇವರೇ, ಇವರ್ಯಾರು?" ಎಂದರು ಆಫೀಸರು.

ಗಡಿಯಾರದಣ್ಣನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಎದುರಿನ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದು ನಿಂತ. ಟೈಲರ ಕೈ ಸಡಿಲವಾಯಿತು. ಅಂಗಡಿ ಹೋಯಿತು ಎಂದು ಅವನಿಗೆ ಆಗ ಅರಿವಾಯಿತು. ಸಾವನ್ನು ನುಂಗಿಕೊಂಡವನಿಗೆ ಒಂದು ಕಾಲರ್ ನುಂಗಲಾಗಲಿಲ್ಲ. ತನ್ನ ಮೂರ್ಖತನಕ್ಕೆ ತಲೆ ಚಚ್ಚಿಕೊಳ್ಳುವಂತಾಯಿತು.

ಮೊದಲು ಚೇತರಿಸಿಕೊಂಡವಳು ಹೆಂಡತಿ. "ಸಾರ್, ಆ ಪರದೆ ಹಿಂದೆ ಹೋಗಿ ಪ್ಯಾಂಟು ಬಿಚ್ಚಿ ಕೊಡಿ. ಈಗ ಹೊಲಿದು ಕೊಡ್ತಾರೆ," ಎಂದು ಒಂದು ಹಾಸುಬಟ್ಟೆಯನ್ನು ಅವರ ಕೈಗಿತ್ತಳು.

ಟೈಲರು ಹೊಲಿಯಲು ಕುಳಿತ. ಹಳೇ ದಾರ ಕಿತ್ತುಹಾಕಿ, ಒಳಗಿನಿಂದ ಪಟ್ಟಿ ಕೊಟ್ಟು ಜೋಡಿ ಹೊಲಿಗೆ ಹಾಕಿದ. ಕಣ್ಣು ಮಂಜಾಗುತ್ತಿತ್ತು. ಈ ಮೆಷಿನಿನ ಮೇಲೆ ಇದೇ ಕೊನೆಯ ಪ್ಯಾಂಟು ಇರಬಹುದು, ಚೆನ್ನಾಗಿರಲಿ ಎಂದುಕೊಂಡ.

ಹೆಂಡತಿ ಪ್ಯಾಂಟು ತೆಗೆದುಕೊಂಡು ಇಸ್ತ್ರಿ ಹಾಕತೊಡಗಿದಳು. ಇಸ್ತ್ರಿ ಮುಗಿಯುವ ಹಾಗೆ ಕಾಣಲಿಲ್ಲ.

"ಸಾರ್, ಇವತ್ತು ಮುಚ್ಚಿದ್ದು ಸುಳ್ಳು," ಎಂದಳು ಪರದೆಯ ಕಡೆ ನೋಡಿ. "ತಪ್ಪಾಯ್ತು. ನಮ್ಮಣ್ಣ ಕಟ್ಟಡ ಮಾರಿದ್ಮೇಲೆ ನಿಜವಾಗ್ಲೂ ಮುಚ್ಚಿರುತ್ತೆ, ಆಗ ಬಂದು ನೋಡಿ. ಧೂಳೂ ಸಾಲ ತರಬೇಕಾಗಿಲ್ಲ, ನಮ್ದೇ ಇರುತ್ತೆ. ಈ ಬೀದೀಲಿ ಎಲ್ಲರೂ ಹೋದ್ಮೇಲೆ ರಿಯಾಯಿತಿ ಕೊಟ್ಟು ಯಾರಿಗೆ ಸಾರ್ ಉಪಯೋಗ? ಇಲಿಗಳಿಗಾ?"

ಪರದೆಯ ಸಂದಿಯಿಂದ ಆಫೀಸರ ಕೈ ಹೊರಗೆ ಚಾಚಿತು.

"ಅಮ್ಮಾ, ಪ್ಯಾಂಟು..."

"ಮಡಿಕೆ ಇನ್ನೂ ಕೂರ್ಬೇಕು ಸಾರ್."

ಆಫೀಸರು ನಿಟ್ಟುಸಿರು ಬಿಟ್ಟರು. "ನಾನು ಶಾಯೀಲಿ ಬರೆದಾಗಿದೆ. ಅಂಗಡಿ ಮುಚ್ಚಿದೆ, ಇಲಿಗಳಿವೆ, ಟೈಲರು ತೀರಿಕೊಂಡಿದ್ದಾನೆ. ಹೊಡೆದುಹಾಕಿದ್ರೆ ಮೇಲಿನವರಿಗೆ ಕಾರಣ ಬರೀಬೇಕು. ಏನಂತ ಬರೀಲಿ? ಪ್ಯಾಂಟು ಹರೀತು, ಸತ್ತವನು ಎದ್ದು ಬಂದು ಹೊಲಿದ ಅಂತಾನಾ?"

ಹೊರಗೆ ಗಡಿಯಾರದಣ್ಣ ಕುತ್ತಿಗೆ ಸವರಿಕೊಳ್ಳುತ್ತಾ ಕಿವಿ ನಿಮಿರಿಸಿ ನಿಂತಿದ್ದ.

"ಬರ್ದಿದ್ದು ಬರ್ದಾಯ್ತು," ಎಂದರು ಆಫೀಸರು. "ಬೀದಿ ಸೊರಗಿದೆ. ನಾನು ಬಂದಾಗ ಮುಚ್ಚಿತ್ತು, ಅದು ನಿಜ. ಈಗ ತೆರೆದಿದೆ, ಅದೂ ನಿಜ. ಮುಚ್ಚಿದ ಅಂಗಡಿ ತೆರೆದ್ರೆ ಹೊಸ ಅಂಗಡಿ ಅಂತ ಲೆಕ್ಕ. ಈ ಯೋಜನೇಲಿ ಇದೇ ಮೊದಲ್ನೇದು. ಆದ್ರೆ ಸತ್ತವರ ಹೆಸರಲ್ಲಿ ತೆಗೆಯೋ ಹಾಗಿಲ್ಲ. ಯಾರ ಹೆಸರು..."

"ನಂದು," ಎಂದಳು ಅವಳು, ಅವರ ಮಾತು ಮುಗಿಯುವ ಮೊದಲೇ.

"ಮತ್ತೆ ಇವರು?"

ಅವಳು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕೆಲಸಕ್ಕೆ ಇಟ್ಕೋತೀನಿ ಸಾರ್. ಕೆಲಸಗಾರ ಪರವಾಗಿಲ್ಲ."

ಇಸ್ತ್ರಿ ಆಗ ಮುಗಿಯಿತು.

ಅಣ್ಣ ಬಂದದ್ದು ಹೊಸ ಬೋರ್ಡಿನ ಬಣ್ಣ ಒಣಗಿದ ಮೇಲೆ. ರಸ್ತೆಯಲ್ಲೇ ನಿಂತು ತಂಗಿಯ ಹೆಸರನ್ನು ಎರಡು ಸಲ ಓದಿದ. ತೆರಿಗೆಯಿಲ್ಲ ಎಂಬ ಸುದ್ದಿ ಅವನಿಗೆ ತಲುಪಿತ್ತು, ಗೋದಾಮಿನವರಿಗೆ ಸದ್ಯಕ್ಕೆ ಬೇಡವೆಂದು ಹೇಳಿ ಕಳಿಸಿದ್ದ. ಒಳಗೆ ಬಂದು ಅಭ್ಯಾಸದಂತೆ ಟೈಲರ ಎದುರು ಗತ್ತಿನಿಂದ ನಿಂತ.

"ಏನಯ್ಯಾ, ಬಾಡಿಗೆ ವಿಷಯ ಒಂದಿಷ್ಟು ಮಾತಾಡ್ಬೇಕಲ್ಲ?"

ಟೈಲರ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಗದ್ದ ಎತ್ತಿ ಹೆಂಡತಿಯ ಕಡೆ ತೋರಿಸಿದ.

"ಕೂತ್ಕೋ ಅಣ್ಣಾ," ಎಂದಳು ಗಿರಾಕಿಯೊಬ್ಬರಿಗೆ ಟೇಪು ಹಿಡಿದಿದ್ದ ಅವಳು, ತಲೆಯೆತ್ತದೆ. "ಇವರ ಅಳತೆ ಮುಗಿಸಿ ಬಂದೆ."

ಅಣ್ಣ ಕೂತುಕೊಂಡ. ಟೈಲರು ಪಿನ್ನುಗಳನ್ನು ಡಬ್ಬಿಗೆ ಉದುರಿಸಿ, ಬೆಳಗ್ಗೆ ಹೊಲಿದು ಮುಗಿಸಿದ್ದ ಅಂಗಿಯೊಂದನ್ನು ಗೂಟದಿಂದ ತೆಗೆದ. ಗಡಿಯಾರದಣ್ಣನ ಹೊಸ ಅಂಗಿ. ಬೀದಿಯ ಬೆಳಕಿಗೆ ಕಾಲರನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಇನ್ನೊಮ್ಮೆ ನೋಡಿದ. ಒಂದಿನಾನೂ ಸರಿಯಾಗಿ ಬರ್ಲಿಲ್ಲ ಎಂಬ ಮಾತು ಇನ್ನೂ ಕಿವಿಯಿಂದ ಹೋಗಿರಲಿಲ್ಲ. ಆಮೇಲೆ ಬ್ಲೇಡು ತೆಗೆದುಕೊಂಡು ಹೊಲಿಗೆಯನ್ನು ನಿಧಾನವಾಗಿ ಬಿಚ್ಚತೊಡಗಿದ.